ಕ್ಯಾಮೆರಾ ಅಕ್ಕನ ಬೀಜದ ಚೀಲ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಬೇಕರಿಯ ಮೇಲಿನ ಮಹಡಿಯಿಂದ ಕಳೆದ ತಿಂಗಳು ಒಂದು ಬೋರ್ಡು ಕೆಳಗಿಳಿಯಿತು. ಅದರ ಮೇಲೆ ಸ್ಟುಡಿಯೋದ ಹೆಸರಿತ್ತು. ಆ ಹೆಸರು ಹೇಳಿ ಯಾರಾದರೂ ಮೆಟ್ಟಿಲು ಹತ್ತಿದ್ದನ್ನು ನಾನು ಕಾಣೆ. ಬೇಕರಿಯವರ ಹತ್ತಿರ "ಕ್ಯಾಮೆರಾ ಅಕ್ಕ ಇದಾರಾ?" ಎಂದು ಕೇಳುವುದು, ಅವರು ಬ್ರೆಡ್ಡು ಕೊಯ್ಯುತ್ತಲೇ ಗಲ್ಲ ಮೇಲೆತ್ತಿದರೆ ಹತ್ತುವುದು, ಅಡ್ಡಡ್ಡ ತಲೆಯಾಡಿಸಿದರೆ ಯಾವುದೋ ಮದುವೆಗೆ ಹೋಗಿದ್ದಾರೆಂದು ತಿಳಿದು ಒಂದು ಬೆಣ್ಣೆ ಬನ್ನು ತಿಂದು ವಾಪಸು ಹೋಗುವುದು. ಬಾಳೂರು, ಕಳಸದ ಕಡೆಯಿಂದ ಹಿಡಿದು ಇತ್ತ ದೇವರಮನೆಯವರೆಗೆ ಯಾರೇ ವಿಡಿಯೋ ಮಾಡುವ ಯೋಚನೆ ಹಚ್ಚಿಕೊಂಡರೂ ಮೊದಲು ಆ ಮೆಟ್ಟಿಲು ಹತ್ತಬೇಕು ಎನ್ನುವುದು ಒಂದು ಕಟ್ಟಳೆಯೇ ಆಗಿತ್ತು. ಕ್ಯಾಮೆರಾ ಕೊಳ್ಳಲು ಅಲ್ಲ. ಅಕ್ಕ ಕ್ಯಾಮೆರಾ ಮಾರುತ್ತಿರಲಿಲ್ಲ. ಯಾವುದನ್ನು ಕೊಳ್ಳಬೇಕೆಂದು ಕೇಳಿ ಬೈಸಿಕೊಳ್ಳಲು.

"ಮೊಣಕಾಲು ರಾಜೀನಾಮೆ ಕೊಟ್ಟಿದೆ ಕಣೆ. ನಾನೂ ಸಹಿ ಹಾಕ್ದೆ" ಎಂದು ಫೋನಿನಲ್ಲಿ ಹೇಳಿದರು. ಸ್ಟುಡಿಯೋ ಮುಚ್ಚಿ ಚಿಕ್ಕಮಗಳೂರಿನಲ್ಲಿರುವ ತಂಗಿಯ ಮನೆಗೆ ಹೋಗುತ್ತಾರಂತೆ. ದನಿಯಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಬೇಸರ ನನಗಾಯಿತು. ಅದನ್ನು ಕಳೆದುಕೊಳ್ಳಲೆಂದೇ ಇದನ್ನು ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ಒಬ್ಬಳೇ ನಗುತ್ತಿದ್ದೇನೆ.

ಅಕ್ಕ ಹೇಗಿದ್ದರೆಂದು ಮೊದಲು ಹೇಳಿಬಿಡುತ್ತೇನೆ. ತೋಟದ ಕೆಲಸಕ್ಕೆ ಹೋಗುವ ಹೆಂಗಸರ ಹಾಗೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಿದ್ದರು. ಅಂಗಿಯ ಎರಡು ಜೇಬುಗಳಲ್ಲಿ ಬ್ಯಾಟರಿ, ಮೆಮೊರಿ ಕಾರ್ಡು, ಲೆನ್ಸು ಒರೆಸುವ ಬಟ್ಟೆ ಮತ್ತು ಲವಂಗ. ದೊಡ್ಡ ಎಸ್ಟೇಟಿನವರ ಮದುವೆಗೂ ಅದೇ ವೇಷ. ಯಾರೋ ಬೀಗರು ಮುಖ ಸಿಂಡರಿಸಿದ್ದಕ್ಕೆ, "ಸಿ.ಡಿ.ಲಿ ನಾನು ಕಾಣಲ್ಲ, ನೀವು ಕಾಣ್ತೀರಿ. ನೀವು ಚಂದ ಉಟ್ಕೊಳಿ ಸಾಕು" ಅಂದಿದ್ದರಂತೆ. ಅವರ ಯಜಮಾನರು ಫೋಟೋದವರು. ಊರಿಗೆ ವಿಡಿಯೋ ಬಂದಾಗ, ಇದು ಅಲುಗಾಡುವ ವ್ಯವಹಾರ, ನಮಗೆ ಬೇಡ ಎಂದು ದೂರ ಸರಿದರಂತೆ. ಅಕ್ಕ ಹೆಗಲಿಗೇರಿಸಿಕೊಂಡರು. ಯಜಮಾನರು ತೀರಿಕೊಂಡ ಮೇಲೂ ಹೆಗಲಿಂದ ಇಳಿಸಲಿಲ್ಲ.

ಇನ್ನೊಂದು ವಿಷಯ. ಈ ಸೀಮೆಯಲ್ಲಿ ಕಾಫಿ ಕುಡಿಯದ ಹೆಂಗಸು ನನಗೆ ಗೊತ್ತಿದ್ದಂತೆ ಅವರೊಬ್ಬರೇ. ಚಿಕ್ಕಮಗಳೂರಿನಲ್ಲಿ ಅವರ ತಂದೆ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತರಾಗಿದ್ದರು. ಅಕ್ಕ ಆಡಿ ಬೆಳೆದದ್ದು ಪಾರ್ಚ್‌ಮೆಂಟ್ ಮೂಟೆಗಳ ಸಂದಿಯಲ್ಲಿ. ಪಾರ್ಚ್‌ಮೆಂಟ್ ಅಂದರೆ ಗೊತ್ತಲ್ಲ, ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ, ಮೇಲಿನ ತೆಳು ಹೊಟ್ಟು ಇನ್ನೂ ಉಳಿದಿರುವ ಕಾಫಿ ಬೀಜ. ಹಲ್ಲಿನಲ್ಲಿ ಕಚ್ಚಿ ಎಷ್ಟು ಒಣಗಿದೆ ಎಂದು ಹೇಳುವ ವಿದ್ಯೆ ಅವರಿಗೆ ಆಗಲೇ ಬಂದಿತ್ತು. "ಕಾಫಿ ವಾಸನೆ ಕುಡಿದೇ ಬೆಳೆದೋಳು ನಾನು. ಮತ್ತೆ ಕಾಫಿ ಬೇರೆ ಕುಡೀಬೇಕಾ?" ಎಂದು ಹೋದಲ್ಲೆಲ್ಲ ಚಹಾ ಕೇಳುತ್ತಿದ್ದರು. ಎಸ್ಟೇಟ್ ಮನೆಗಳಲ್ಲಿ ಚಹಾಪುಡಿ ಎಲ್ಲಿಂದ ಬರಬೇಕು? ಅಕ್ಕ ಬಂದರೆಂದರೆ ಯಜಮಾನಿತಿಯರು ಕೂಲಿಯವರ ಲೈನುಮನೆಗಳಿಗೆ ಯಾರನ್ನಾದರೂ ಓಡಿಸಿ ಚಹಾಪುಡಿ ಕಡ ತರಿಸುತ್ತಿದ್ದರು.

ಅವರ ಹತ್ತಿರ ಸಲಹೆಗೆ ಬಂದವರನ್ನು ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಹೊರೋರು ಯಾರು?" ಕ್ಯಾಮೆರಾದ ಗುಣಗಳನ್ನು ಇಂಟರ್‌ನೆಟ್ಟಿನಲ್ಲಿ ಓದಿ ಬಾಯಿಪಾಠ ಮಾಡಿಕೊಂಡು ಬಂದವರಿಗೆ ಈ ಪ್ರಶ್ನೆಗೆ ಉತ್ತರ ತೋಚುತ್ತಿರಲಿಲ್ಲ. ಹುಲಿ, ಹಕ್ಕಿ ಎಂದು ಉದ್ದದ ಲೆನ್ಸಿನ ಆಸೆಯಿಂದ ಬಂದ ಒಬ್ಬ ದಪ್ಪನೆಯ ಬ್ಯಾಂಕ್ ಮ್ಯಾನೇಜರಿಗೆ ಅಕ್ಕ ಒಂದು ಚೀಲದಲ್ಲಿ ಇಟ್ಟಿಗೆ ತುಂಬಿ, ಕೈಗೊಂದು ಕೊಡೆ ಕೊಟ್ಟು, "ಬಸ್‌ಸ್ಟ್ಯಾಂಡಿಗೆ ಹೋಗಿ ಬನ್ನಿ ಸಾರ್" ಎಂದರು. ಅವರು ಏದುಸಿರು ಬಿಡುತ್ತ ಬಂದು ಕೂತ ಮೇಲೆ, "ಇದು ಸಪಾಟು ರಸ್ತೆ. ದೇವರಮನೆ ಗುಡ್ಡ ಇನ್ನೂ ಬಂದಿಲ್ಲ" ಎಂದು ಚಹಾ ತರಿಸಿದರು. ಮ್ಯಾನೇಜರು ಕೈಯಲ್ಲಿ ಹಿಡಿಯುವಂಥ ಕ್ಯಾಮೆರಾ ಕೊಂಡು ತಮ್ಮ ಮನೆಯ ಹಿತ್ತಲಿನ ಪಿಕಳಾರ ಹಕ್ಕಿಯದೇ ಚಂದದ ಒಂದು ಚಿತ್ರ ಮಾಡಿದರು. ಇನ್ನೊಬ್ಬರು ಹೋಂಸ್ಟೇಯವರು ಡ್ರೋನು ಬೇಕೆಂದು ಬಂದಾಗ, "ನಿಮ್ಮಲ್ಲಿಗೆ ಉಳಿಯೋಕೆ ಬರೋರು ಹದ್ದುಗಳಾ?" ಎಂದು ಕೇಳಿದ್ದು ಊರಿಗೆಲ್ಲ ಹಬ್ಬಿತ್ತು.

ಎರಡನೆಯ ಪ್ರಶ್ನೆ, "ಆಷಾಢದಲ್ಲಿ ಇದು ಎಲ್ಲಿ ಮಲಗುತ್ತೆ?" ಇದು ನಮ್ಮ ಕಡೆಯವರಿಗೆ ಮಾತ್ರ ಅರ್ಥವಾಗುವ ಪ್ರಶ್ನೆ. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು, ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಲೆನ್ಸಿಗೆ ಮರ್ಯಾದೆ ಕೊಟ್ಟು ಬಿಟ್ಟುಬಿಡುತ್ತದೆಯೇ? ಅಕ್ಕ ಒಂದು ಕಬ್ಬಿಣದ ಬೀರುವಿನೊಳಗೆ ಬಲ್ಬು ಹಾಕಿಸಿ, ಮುಂಗಾರು ಶುರುವಾದಾಗ ಹಚ್ಚಿದ್ದನ್ನು ದೀಪಾವಳಿಗೆ ಆರಿಸುತ್ತಿದ್ದರು. ಕ್ಯಾಮೆರಾ, ಲೆನ್ಸು, ಮೈಕು ಎಲ್ಲವೂ ಆ ಬಿಸಿಯಲ್ಲಿ ಬಾಣಂತಿಯರಂತೆ ಬೆಚ್ಚಗೆ ಮಲಗಿರುತ್ತಿದ್ದವು. ಬೀರುವಿಗೆ ಒಂದು ಕಾನೂನಿತ್ತು. ಒಂದು ಹನಿ ತೇವ ಇರುವ ಸಾಮಾನೂ ಅದರೊಳಗೆ ಹೋಗಬಾರದು. ಒದ್ದೆಯಾದದ್ದು ಏನಿದ್ದರೂ ಹಿಂದಿನ ಬಾಲ್ಕನಿಯಲ್ಲಿ ಅವರ ಹೂಕುಂಡಗಳ ಜೊತೆ ಇರಬೇಕು. ಈ ಕಾನೂನಿನಿಂದ ಮುಂದೆ ಆದ ಅನಾಹುತವನ್ನು ಹೇಳುತ್ತೇನೆ.

"ಮೊದ್ಲು ಕಾಲು, ಆಮೇಲೆ ಕಿವಿ, ಕಣ್ಣು ಕೊನೆಗೆ." ಇದು ಅವರ ಗಾದೆ. ಕಾಲು ಅಂದರೆ ಟ್ರೈಪಾಡು, ಕಿವಿ ಅಂದರೆ ಮೈಕು. ಜನ ಕೈಯಲ್ಲಿದ್ದದ್ದನ್ನೆಲ್ಲ ಕ್ಯಾಮೆರಾಕ್ಕೆ ಸುರಿದು, ಉಳಿದ ಚಿಲ್ಲರೆಯಲ್ಲಿ ಅಲ್ಲಾಡುವ ಟ್ರೈಪಾಡು ತರುತ್ತಾರೆ ಎನ್ನುವುದು ಅವರ ದೊಡ್ಡ ಸಂಕಟ. ಯಾರಾದರೂ ಹೊಸ ಟ್ರೈಪಾಡು ತಂದರೆ ಅದರ ತಲೆಯ ಮೇಲೆ ತುಂಬಿದ ಚಹಾ ಲೋಟ ಇಟ್ಟು, ಪಕ್ಕದಲ್ಲಿ ನೆಲಕ್ಕೆ ಧಡಧಡ ಕಾಲು ಬಡಿಯುತ್ತಿದ್ದರು. ಚೆಲ್ಲಿದರೆ ವಾಪಸು. ಕೆಳಗಿನ ಬೇಕರಿಯವರು ಮಹಡಿಯಿಂದ ಸದ್ದು ಬಂದಾಗಲೆಲ್ಲ, "ಯಾರೋ ಟ್ರೈಪಾಡು ತಂದ್ರು" ಅನ್ನುತ್ತಿದ್ದರು.

ಅವರ ಕೆಲಸದಲ್ಲೊಂದು ವಿಚಿತ್ರವಿತ್ತು. ಎಲ್ಲರೂ ಕೆಟ್ಟ ಶಾಟಿಗೆ "ಇನ್ನೊಂದ್ಸಲ" ಅನ್ನುತ್ತಾರೆ. ಅಕ್ಕ ಕೆಟ್ಟದ್ದಕ್ಕೆ "ಆಯ್ತು, ಸಾಕು" ಅನ್ನುತ್ತಿದ್ದರು. ಚೆನ್ನಾಗಿ ಬಂದದ್ದಕ್ಕೆ ಮಾತ್ರ "ಇನ್ನೊಂದ್ಸಲ." ಗೊತ್ತಿಲ್ಲದ ಮದುಮಕ್ಕಳು, ಅಕ್ಕ ಸಾಕು ಎಂದ ಕೂಡಲೇ ಖುಷಿಯಾಗಿ ಊಟಕ್ಕೆ ಹೋಗುತ್ತಿದ್ದರು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ. "ಕೆಟ್ಟಿದ್ದನ್ನ ಎರಡು ಸಲ ತೆಗೆದು ಎಂತ ಮಾಡ್ಲಿ? ಚಂದ ಇದ್ದಿದ್ದು ಮಾತ್ರ ಇನ್ನೊಂದ್ಸಲ ನೋಡ್ಬೇಕು ಅನ್ಸುತ್ತೆ" ಎಂದರು.

ಐದಾರು ವರ್ಷದ ಹಿಂದೆ ನಾನು ಆ ಮೆಟ್ಟಿಲು ಹತ್ತಿದ್ದು ನನ್ನ ಅಪ್ಪನಿಂದಾಗಿ. ನಾನು ಮೂಡಿಗೆರೆಯಲ್ಲಿ ಕಾಲೇಜು ಮೇಷ್ಟ್ರು. ಹೆಂಗಸಾದರೂ ಮಕ್ಕಳು ಹಾಗೆಯೇ ಅನ್ನುತ್ತಾರೆ. ಬಾಳೂರಿನ ಹತ್ತಿರ ನಮ್ಮದೊಂದು ಚಿಕ್ಕ ತೋಟ. ಅದರ ಮೇಲ್ತುದಿಯಲ್ಲಿ ಹಳೆಯ ಅರೇಬಿಕಾ ಕಾಫಿಯ ಬ್ಲಾಕ್ ಇತ್ತು. ಕಾಂಡಕೊರಕ ಹುಳ, ನಮ್ಮವರು ಬೋರರ್ ಅನ್ನುವುದು, ಬಹಳ ವರ್ಷಗಳಿಂದ ಅದನ್ನು ತಿನ್ನುತ್ತಿತ್ತು. ಸುತ್ತಲಿನವರೆಲ್ಲ ಅರೇಬಿಕಾ ಕಿತ್ತು ಆ ಹುಳ ಮುಟ್ಟದ ರೋಬಸ್ಟಾ ಹಾಕಿ ಆಗಿತ್ತು. ಅಪ್ಪ ಮಾತ್ರ ಮುಂದಿನ ವರ್ಷ, ಮುಂದಿನ ವರ್ಷ ಎಂದು ತಳ್ಳುತ್ತ ಬಂದು, ಕೊನೆಗೆ ಆ ವರ್ಷ ಮಳೆಗಾಲಕ್ಕೆ ಮುಂಚೆ ಕೀಳಿಸುವುದೆಂದು ಹೇಳಿಬಿಟ್ಟರು. ಯಾಕೆ ಇಷ್ಟು ವರ್ಷ ಉಳಿಸಿದಿರಿ ಎಂದರೆ ಹೋದ ವರ್ಷದ ಮಳೆ ಎಷ್ಟಿಂಚು ಎಂದು ಹೇಳುತ್ತಿದ್ದರು. ನಮ್ಮಪ್ಪ ಮನುಷ್ಯರ ಹತ್ತಿರ ಮಳೆಯ ಲೆಕ್ಕ ಬಿಟ್ಟು ಬೇರೇನೂ ಮಾತಾಡುವವರಲ್ಲ. ಆ ಬ್ಲಾಕಿನ ಕೊನೆಯ ಹೂವನ್ನು ಚಿತ್ರ ಮಾಡಬೇಕು, ಅಪ್ಪನ ಬಾಯಿಂದ ಅದರ ಕಥೆ ಬರಬೇಕು ಎಂದು ನನಗೆ ಹಟ ಬಂತು. ಕಾಫಿ ಹೂವು ಮಾರ್ಚಿನ ಹೂಮಳೆ ಬಿದ್ದು ಹತ್ತು ದಿನಕ್ಕೆ ಅರಳಿದರೆ ಎರಡು ಮೂರು ದಿನವಷ್ಟೇ ಬೆಳ್ಳಗಿರುವುದು. ಅದು ತಪ್ಪಿದರೆ ಇನ್ನು ಆ ಬ್ಲಾಕೂ ಇಲ್ಲ, ಹೂವೂ ಇಲ್ಲ, ಅಪ್ಪ ಬಾಯಿ ಬಿಡಲು ಕಾರಣವೂ ಇಲ್ಲ.

ನಾನು ಆರಿಸಿಟ್ಟುಕೊಂಡಿದ್ದ ದೊಡ್ಡ ಕ್ಯಾಮೆರಾದ ಚಿತ್ರವನ್ನು ಅಕ್ಕ ಫೋನಿನಲ್ಲಿ ನೋಡಿದರು. "ಚಂದ ಉಂಟು. ಇದು ನಿಂಗಲ್ಲ" ಎಂದರು. ಕೇಳಿದ್ದು ಅಪ್ಪನ ಬಗ್ಗೆ. ಅವರಿಗೆ ಕಿವಿ ಹೇಗೆ ಕೇಳುತ್ತದೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ತೋಟಕ್ಕೆ ಹೋಗುತ್ತಾರೆ, ನಡೆಯುವಾಗ ಮುಂದೆ ನಡೆಯುತ್ತಾರಾ ಹಿಂದೆಯಾ. ಮುಂದೆ ಎಂದೆ. "ಹಾಗಾದ್ರೆ ಹಿಂದೆ ಓಡ್ಬೇಕು ನೀನು. ಸಣ್ಣದೇ ಸಾಕು" ಎಂದು ಬಲ್ಬಿನ ಬೀರು ತೆಗೆದು, ಎರಡು ಕೈಯಲ್ಲಿ ಮುಚ್ಚಿದರೆ ಕಾಣದಂಥ ಹಳೆಯ ಕ್ಯಾಮೆರಾವನ್ನು, ತುಪ್ಪಳದ ಟೋಪಿ ಹಾಕಿದ ಮೈಕನ್ನು, ಚಹಾ ಪರೀಕ್ಷೆಯಲ್ಲಿ ಪಾಸಾದ ಟ್ರೈಪಾಡನ್ನು ಮೇಜಿನ ಮೇಲಿಟ್ಟರು. ತಾವೂ ಬರುತ್ತೇನೆಂದರು. ನಮ್ಮೂರಿನ ಜೀಪು ಡ್ರೈವರ್ ರಫೀಕಣ್ಣ ಮರುದಿನವೇ ನಮ್ಮಿಬ್ಬರನ್ನೂ ಸಾಮಾನನ್ನೂ ತೋಟಕ್ಕೆ ತಂದು ಇಳಿಸಿದರು.

ಮೊದಲ ದಿನದ ಶೂಟಿಂಗ್ ನೆನೆದರೆ ಇಂದಿಗೂ ಹೊಟ್ಟೆ ಹುಣ್ಣಾಗುತ್ತದೆ. ಅಪ್ಪ ಇಸ್ತ್ರಿ ಅಂಗಿಗೆ ಕತ್ತಿನವರೆಗೂ ಗುಂಡಿ ಹಾಕಿ, ವಾಚು ಕಟ್ಟಿ, ಟ್ರೈಪಾಡಿನ ಮುಂದೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವರಂತೆ ನಿಂತರು. ಅಕ್ಕ ಕೈ ಎತ್ತಿದ್ದೇ ತಡ, "ನಮಸ್ಕಾರ. ಪ್ರಸ್ತುತ ಈ ತೋಟವು ಸಮುದ್ರ ಮಟ್ಟದಿಂದ ಎತ್ತರದ ಪ್ರದೇಶದಲ್ಲಿದ್ದು" ಎಂದು ಶುರುಮಾಡಿದರು. ಆ ಭಾಷೆ ಅವರು ಎಲ್ಲಿಂದ ತಂದರೋ. ಜೀಪಿಗೊರಗಿ ನಿಂತಿದ್ದ ರಫೀಕಣ್ಣ ಬಾಯಿಗೆ ಟವೆಲ್ಲು ತುರುಕಿಕೊಂಡು ಆಚೆ ಹೋದರು. ಅಕ್ಕ ಕೊನೆಯವರೆಗೂ ಗಂಭೀರವಾಗಿ ಕೇಳಿ, "ಆಯ್ತು, ಸಾಕು ಗೌಡ್ರೇ" ಎಂದರು. ಅಪ್ಪನಿಗೆ ಸಂತೋಷವಾಯಿತು. ನನಗೆ ಅಳು ಬಂತು.

"ಕ್ಯಾಮೆರಾದ್ದಲ್ಲ ತಪ್ಪು, ನಂದೇ" ಎಂದರು ಅಕ್ಕ ಜೀಪು ಹತ್ತುವಾಗ. "ಈ ಮೂರು ಕಾಲು ನಿಂತಿದ್ದು ಕಂಡ ಕೂಡ್ಲೇ ನಿಮ್ಮಪ್ಪ ಅಟೆನ್ಷನ್ ಆಗ್ತಾರೆ. ಅವ್ರಿಗೆ ಕಾಲೇ ಬೇಡ. ಕೂತ್ಕೊಳೋ ಸಾಮಾನು ಬೇಕು."

ವಾರ ಕಳೆದು ಅವರು ಬಂದಾಗ ಕೈಯಲ್ಲಿ ದಿಂಬಿನಷ್ಟು ದೊಡ್ಡ ಖಾಲಿ ಚೀಲವಿತ್ತು. ಯಜಮಾನರ ಕಾಲದ ಸ್ಟುಡಿಯೋ ಪರದೆ ಕತ್ತರಿಸಿ ತಾವೇ ಹೊಲಿದದ್ದು. ಕೊಳ, ಕಮಲ, ಹಂಸ ಬರೆದಿದ್ದ ಪರದೆ. ಚೀಲದ ಪಾಲಿಗೆ ಹಂಸದ ಕತ್ತಷ್ಟೇ ಬಂದಿತ್ತು. ಇದರೊಳಗೆ ಕಾಳು ತುಂಬಿ ಕಲ್ಲಿನ ಮೇಲೋ ಜೀಪಿನ ಮೂತಿಯ ಮೇಲೋ ಇಟ್ಟರೆ ಕ್ಯಾಮೆರಾ ಕೋಳಿ ಕಾವಿಗೆ ಕೂತ ಹಾಗೆ ಕೂರುತ್ತದೆ. ಮರಳು ಭಾರ, ಅಕ್ಕಿಗೆ ಹುಳ. "ಪಾರ್ಚ್‌ಮೆಂಟೇ ಸೈ. ನಿಮ್ಮನೇಲಿ ಅದಕ್ಕೇನು ಬರವಾ?" ಎನ್ನುತ್ತ ನೇರ ನಮ್ಮ ಗೋಡೌನಿಗೆ ನುಗ್ಗಿದರು.

ಮನೆಯಲ್ಲಿ ಆಗ ನಾನೊಬ್ಬಳೇ. ಅಕ್ಕ ಒಂದೊಂದೇ ಮೂಟೆಗೆ ಕೈ ಹಾಕಿ, ಕಚ್ಚಿ, ಕ್ಯೂರಿಂಗ್ ವರ್ಕ್ಸಿನ ಮಗಳ ಗತ್ತಿನಲ್ಲಿ ತಿರಸ್ಕರಿಸುತ್ತ ಹೋದರು. ಇದರಲ್ಲಿ ಒಡಕು ಜಾಸ್ತಿ. ಇದರಲ್ಲಿ ಗುಂಡುಬೀಜ, ಉರುಳುತ್ತೆ. ಕೊನೆಗೆ ಮೂಲೆಯ ಹಲಗೆಯ ಮೇಲಿದ್ದ ಒಂದು ಕುಕ್ಕೆ ಕಣ್ಣಿಗೆ ಬಿತ್ತು. ಕೈಯಲ್ಲಿ ಹಿಡಿದು ನೋಡಿ ಮುಖ ಅರಳಿತು. "ನೋಡೇ, ಇದಪ್ಪ ಕಾಫಿ! ಎಲ್ಲಾ ಒಂದೇ ಅಳತೆ. ಯಾರೋ ಪುಣ್ಯಾತ್ಮರು ಕೂತು ಒಂದೊಂದೇ ಆರ್ಸಿದಾರೆ." ಬೀಜಕ್ಕೆ ಬೂದಿ ಮೆತ್ತಿತ್ತು. ಹುಳ ಬಾರದಿರಲೆಂದು ಹಾಕಿದ್ದಾರೆ, ಜಾಣರು ಎನ್ನುತ್ತ ಬೂದಿಯನ್ನು ಊದಿ, ಕೇರಿ, ಕುಕ್ಕೆಯನ್ನು ಪೂರ್ತಿ ಚೀಲಕ್ಕೆ ಸುರಿದು ಬಾಯಿ ಹೊಲಿದು ತೆಗೆದುಕೊಂಡು ಹೋದರು.

ಸಂಜೆ ಅಪ್ಪ ಖಾಲಿ ಕುಕ್ಕೆ ಹಿಡಿದುಕೊಂಡು ಹೊರಗೆ ಬಂದರು. ಅಮ್ಮ ತಲೆಗೆ ಕೈ ಹೊತ್ತುಕೊಂಡಳು. ಅದು ಮಾರುವ ಕಾಫಿಯಲ್ಲ, ಬಿತ್ತನೆಯ ಬೀಜ. ಪ್ರತಿ ವರ್ಷ ಅಪ್ಪ ಆ ಹಳೇ ಬ್ಲಾಕಿನ ಒಳ್ಳೊಳ್ಳೆ ಗಿಡದ ಹಣ್ಣು ತಾವೇ ಬಿಡಿಸಿ, ಬೂದಿ ಹಚ್ಚಿ ನೆರಳಲ್ಲಿ ಒಣಗಿಸುವುದು ರೂಢಿ. ಗಿಡ ಕೀಳುವುದೆಂದು ನಿಶ್ಚಯಿಸಿದ ಆ ವರ್ಷವೂ ಬಿಡಿಸಿದ್ದರು. ಬಿತ್ತಲಿಲ್ಲ, ಬಿಸಾಡಲೂ ಇಲ್ಲ. ಅಕ್ಕನಿಗೆ ಫೋನು ಮಾಡಿದೆ.

"ಅಯ್ಯೋ ಶಿವನೇ" ಎಂದರು. "ಕ್ಯೂರಿಂಗಿಗೆ ಬೀಜದ ಕಾಫಿ ಎಲ್ಲಿ ಬರುತ್ತೆ ಮಾರಾಯ್ತಿ? ನಾನು ಹುಟ್ಟಿದಾಗಿಂದ ಕಂಡಿಲ್ಲ ಅದನ್ನ. ಈಗ್ಲೇ ಬಿಚ್ಚಿ ತಂದ್ಕೊಡ್ತೀನಿ."

ಅಪ್ಪ ಪಕ್ಕದಿಂದ ಕೇಳಿಸಿಕೊಂಡರು. "ಹೊಲಿಗೆ ಬಿಚ್ಚೋದು ಬೇಡ ಅನ್ನು. ಬಿತ್ತೋದೇ ಇಲ್ಲ ಅಂದ್ಮೇಲೆ ಎಂತಕ್ಕೆ ಇಟ್ಕೊಂಡಿದ್ದೆ ಅಂತ ನಂಗೇ ಗೊತ್ತಿಲ್ಲ. ಕ್ಯಾಮೆರಾನಾದ್ರೂ ಹೊರ್ಲಿ ಅದು."

ಹೂಮಳೆ ಬಿತ್ತು. ಹತ್ತು ದಿನ ಬೆಳಗಾದರೆ ಬ್ಲಾಕಿಗೆ ಓಡಿ ಮೊಗ್ಗು ನೋಡುವುದೇ ನನ್ನ ಕೆಲಸ. ಒಂದು ಬೆಳಿಗ್ಗೆ ಕಿಟಕಿ ತೆಗೆದರೆ ಮಲ್ಲಿಗೆಯಂಥ ಪರಿಮಳ ಮನೆಯೊಳಗೇ ಬಂತು. ಫೋನು ಹೋಗುವಷ್ಟರಲ್ಲಿ ರಫೀಕಣ್ಣನ ಜೀಪು ಅಕ್ಕನನ್ನು ಕರೆತಂದಾಗಿತ್ತು. ಹಾದಿಯುದ್ದಕ್ಕೂ ತೋಟಗಳು ಬೆಳ್ಳಗಾಗುತ್ತಿರುವ ಸುದ್ದಿ ಹಿಂದಿನ ಸಂಜೆಯೇ ಅವರಿಗೆ ಮುಟ್ಟಿತ್ತಂತೆ. ಹಳೇ ಬ್ಲಾಕ್ ಪೂರ್ತಿ ಬಿಳಿ. ಒಣಗಿ ಸಾಯುತ್ತಿದ್ದ ಗಿಡಗಳೂ ಕೊಂಬೆ ಕಾಣದ ಹಾಗೆ ಹೂ ಹೊತ್ತಿದ್ದವು. ಜೇನಿನ ಗುಂಯ್ ಶಬ್ದಕ್ಕೆ ಮೆಲ್ಲಗೆ ಆಡಿದ ಮಾತು ಕೇಳುತ್ತಿರಲಿಲ್ಲ.

ಅಕ್ಕ ಕಡಿದ ಸಿಲ್ವರ್ ಓಕಿನ ಬೊಡ್ಡೆಯ ಮೇಲೆ ಹಂಸದ ಚೀಲವಿಟ್ಟು, ಅದರ ಮಡಿಲಿಗೆ ಕ್ಯಾಮೆರಾ ಕೂರಿಸಿದರು. ಮೈಕನ್ನು ಹತ್ತಿರದ ಕಾಫಿ ಕೊಂಬೆಗೆ ಸಿಕ್ಕಿಸಿದರು. ಶೂಟಿಂಗ್ ಇದೆಯೆಂದು ಅಪ್ಪನಿಗೆ ಗೊತ್ತಿತ್ತು, ಆದರೆ ಯಾವಾಗ ಶುರು ಎಂದು ತಿಳಿದರೆ ಮತ್ತೆ ಸಮುದ್ರ ಮಟ್ಟ ಬರುತ್ತದಲ್ಲ. ಅಕ್ಕ ಹಣೆಯಲ್ಲಿದ್ದ ಬಿಂದಿ ಕಿತ್ತು ಕ್ಯಾಮೆರಾದ ಕೆಂಪು ದೀಪದ ಮೇಲೆ ಅಂಟಿಸಿದರು. ನನ್ನನ್ನು ಎಳೆದುಕೊಂಡು ಪಕ್ಕದ ಕಲ್ಲಿನ ಮೇಲೆ ಕೂತು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು.

ಅಪ್ಪ ದಿನದ ಲುಂಗಿ, ದಿನದ ಟೋಪಿಯಲ್ಲಿ ಬಂದರು. ಮೈಕನ್ನು ಕಂಬಳಿಹುಳ ಎಂದುಕೊಂಡು ಕೋಲಿನಿಂದ ತಟ್ಟಲು ಹೋದವರು, ಅಕ್ಕ ಕೆಮ್ಮಿದ್ದರಿಂದ ನಿಲ್ಲಿಸಿದರು. ಆಮೇಲೆ ಚೀಲ ಕಂಡಿತು. "ಇದ್ರೊಳಗಾ ಇರೋದು?" ಎಂದು ಬಗ್ಗಿ, ಕ್ಯಾಮೆರಾದ ಕೆಳಗೆ ಅಂಗೈ ಇಟ್ಟು ಬೀಜ ಅದುಮಿ ನೋಡಿದರು. ಕೈ ಅಲ್ಲೇ ಉಳಿಯಿತು. ಮಾತು ತಾನಾಗಿ ಬಂತು.

"ಇದೇ ಸಾಲಿನ ಬೀಜ ಇದು. ಈ ಸಾಲು ನೋಡಿದೀಯಾ, ಸೊಟ್ಟ ಇದೆ. ಇಡೀ ತೋಟದಲ್ಲಿ ಇದೊಂದೇ ಸೊಟ್ಟ. ಇದನ್ನ ನೆಡೋವಾಗ ನಿಮ್ಮಮ್ಮ ಹೊಸ್ತಾಗಿ ಬಂದಿದ್ಲು. ಆ ತುದೀಲಿ ಹಗ್ಗ ಹಿಡ್ಕೊಂಡಿದ್ದು ಅವ್ಳೇ. ಹಗ್ಗ ನೋಡ್ಕೊಂಡು ಗೂಟ ಹೊಡೀಬೇಕಾ ನಾನು? ಹಗ್ಗ ಎಲ್ಲಿ ನೋಡ್ದೆ... ನಮ್ಮಪ್ಪ ಬಂದು ಬೈದ್ರು, ಕಿತ್ತು ನೇರ ನೆಡು ಅಂತ. ಆವತ್ತೂ ಕೀಳ್ಲಿಲ್ಲ. ಬೋರರ್ ಬಂದಾಗ್ಲೂ ಕೀಳ್ಲಿಲ್ಲ." ಸ್ವಲ್ಪ ಹೊತ್ತು ಹೂವನ್ನೇ ನೋಡಿದರು. "ಈಗ ಕೀಳ್ಬೇಕು. ಗಿಡಕ್ಕೂ ನೋವಾಗುತ್ತೆ, ಎಷ್ಟು ದಿನ ಅಂತ ನಿಲ್ಸೋದು."

ನನ್ನ ಕಣ್ಣು ತುಂಬಿತು. ಅಕ್ಕ ಚಹಾದ ಲೋಟ ಕೆಳಗಿಟ್ಟು, ಮೂಗೊರೆಸಿಕೊಂಡು, "ಇನ್ನೊಂದ್ಸಲ" ಎಂದರು.

ಅಪ್ಪ ಬೆಚ್ಚಿ ತಿರುಗಿದರು. ಕ್ಯಾಮೆರಾ ಓಡುತ್ತಿತ್ತೆಂದು ಆಗ ತಿಳಿಯಿತು. ಕಿವಿಯವರೆಗೂ ಕೆಂಪಾದರು. "ಇನ್ನೊಂದ್ಸಲ ಸೊಟ್ಟ ನೆಡೋಕೆ ನಂಗೆಲ್ಲಿ ವಯಸ್ಸಿದೆ ಅಕ್ಕಾವ್ರೇ!" ಎಂದು ಕೋಲೂರುತ್ತ ಇಳಿದು ಹೋದರು. ಇದನ್ನು ಇಟ್ಟುಕೊಳ್ಳಲಾ ಅಳಿಸಲಾ ಎಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ನಿಮ್ಮಮ್ಮಂಗೆ ಮೊದ್ಲು ತೋರ್ಸು" ಎಂದರು. ಅಮ್ಮ ನೋಡಿದಳು. ನೋಡಿ, ಒಳಗೆ ಹೋಗಿ ಬಂದು, ಅಪ್ಪನ ತಟ್ಟೆಗೆ ಎರಡನೇ ಸಲ ತುಪ್ಪ ಬಡಿಸಿದಳು.

ಅಪ್ಪನ ಕೈ ಚೀಲದ ಮೇಲಿದ್ದದ್ದರಿಂದ ಆ ದೃಶ್ಯ ಪೂರ್ತಿ ಒಂದು ಕಡೆ ವಾಲಿದೆ. ಎಡಿಟಿಂಗಿನಲ್ಲಿ ನೇರ ಮಾಡಲು ಹೊರಟಾಗ ಅಕ್ಕ ನನ್ನ ಕೈಗೆ ಹೊಡೆದರು. "ಸಾಲೇ ಸೊಟ್ಟ ಇದೆ. ಮುಟ್ಬೇಡ."

ಇನ್ನು ಬೀರುವಿನ ಕಾನೂನಿನ ಕಥೆ. ಹೂವಿನ ಚಿತ್ರ ಮುಗಿಸಿ ಇಳಿಯುವಾಗ ಮಳೆ ಹಿಡಿಯಿತು. ಕ್ಯಾಮೆರಾ ಅಕ್ಕನ ಅಂಗಿಯೊಳಗೆ ಸೇರಿತು, ಚೀಲ ಜೀಪಿನ ಹಿಂದೆ ತೊಯ್ದು ತೊಪ್ಪೆಯಾಯಿತು. ಒದ್ದೆ ಸಾಮಾನು ಬೀರುವಿಗೆ ಬಾರದಲ್ಲ. ಬಾಲ್ಕನಿಯಲ್ಲಿ ಹೂಕುಂಡಗಳ ನಡುವೆ ಬಿತ್ತು. ಅಕ್ಕ ಅದನ್ನು ಮರೆತರು. ದಿನಾ ಕುಂಡಗಳಿಗೆ ನೀರು ಹಾಕುವುದನ್ನು ಮಾತ್ರ ಮರೆಯಲಿಲ್ಲ.

ಮೇ ತಿಂಗಳಲ್ಲಿ ಹಳೇ ಬ್ಲಾಕ್ ಕಿತ್ತೆವು. ಅಪ್ಪ ಆ ಕಡೆ ಹೋಗುವುದನ್ನು ಬಿಟ್ಟು ಜಗಲಿಯಲ್ಲಿ ಕೂರತೊಡಗಿದ್ದರು. ಒಂದು ಮಧ್ಯಾಹ್ನ ರಫೀಕಣ್ಣನ ಜೀಪು ಅಂಗಳದವರೆಗೂ ಹಾರ್ನು ಹೊಡೆಯುತ್ತಲೇ ಬಂತು. ಅಕ್ಕ ಕುಂಟುತ್ತ ಇಳಿದರು, ಮಗುವನ್ನು ಎತ್ತಿಕೊಂಡ ಹಾಗೆ ಚೀಲ ಎತ್ತಿಕೊಂಡು.

"ಗೌಡ್ರೇ, ನನ್ನ ಟ್ರೈಪಾಡು ಮೊಳಕೆ ಬಂತು!"

ಹಂಸದ ಕತ್ತಿನ ಹೊಲಿಗೆಯ ಸಂದಿಯಿಂದ ಎಳೆಯ ಕಾಂಡಗಳು ಬಗ್ಗಿ ಹೊರಗೆ ಬಂದಿದ್ದವು. ತಲೆಯ ಮೇಲೆ ಬೀಜವನ್ನೇ ಟೋಪಿಯಂತೆ ಹೊತ್ತಿದ್ದವು. ಅಪ್ಪ ಬ್ಲೇಡು ತರಿಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಹೊಲಿಗೆ ಬಿಚ್ಚಿದರು. ಹೆಚ್ಚಿನವು ಕೊಳೆತಿದ್ದವು. ಬದುಕಿದ್ದನ್ನು ಬೇರು ಮುರಿಯದಂತೆ ಬಿಡಿಸಿ ಬಾಳೆಲೆಯ ಮೇಲೆ ಮಲಗಿಸುತ್ತ ಹೋದರು. ಅಕ್ಕ ಜಗಲಿಯ ಕೆಳಗೆ ನೆಲದಲ್ಲೇ ಕೂತು, ಕದ್ದ ಮಾಲು ವಾಪಸು ಕೊಡಲು ಬಂದವರ ಮುಖ ಮಾಡಿಕೊಂಡು ಎಲೆ ಹಿಡಿದಿದ್ದರು. ಅಪ್ಪ ಜೋರಾಗಿ ನಗಲು ಶುರುಮಾಡಿದ್ದು ಎಲ್ಲ ಮುಗಿದ ಮೇಲೆ. ನಮ್ಮಪ್ಪ ಹಾಗೆ ನಗುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ವರ್ಷದ ಮಳೆಗೆ ಆ ಗಿಡಗಳನ್ನು ಮನೆಯ ಹಿಂದೆ, ನೀರಿನ ಟ್ಯಾಂಕಿನ ಪಕ್ಕ ನೆಟ್ಟರು. ಹಗ್ಗ ಹಿಡಿದವಳು ಅಮ್ಮ. "ನೆಟ್ಟಗೆ ನೋಡಿ ನೆಡಿ ಈ ಸಲ" ಎಂದು ಕೂಗಿ ಹೇಳಿದಳು. ಸಾಲು ಈ ಸಲವೂ ಸೊಟ್ಟಗೇ ಇದೆ.

ಮೊನ್ನೆ ಸ್ಟುಡಿಯೋ ಖಾಲಿ ಮಾಡುವ ದಿನ ನಾವೆಲ್ಲ ಹೋಗಿದ್ದೆವು. ಅಕ್ಕ ಸಾಮಾನುಗಳನ್ನೆಲ್ಲ ಹಂಚುತ್ತಿದ್ದರು, ಆಗಲೂ "ಹೊರೋರು ಯಾರು?" ಎಂದು ಕೇಳಿಯೇ. ಬ್ಯಾಂಕಿನ ಮ್ಯಾನೇಜರಿಗೆ ನೆನಪಿಗೆಂದು ಒಂದು ಇಟ್ಟಿಗೆ ಕೊಟ್ಟರು. ಬಲ್ಬಿನ ಬೀರುವನ್ನು ಬೇಕರಿಯವರು ಬಿಸ್ಕತ್ತು ಇಡಲು ಇಳಿಸಿಕೊಂಡರು. ನನ್ನ ಕೈಗೆ ಆ ಸಣ್ಣ ಕ್ಯಾಮೆರಾ, ಹಂಸದ ಖಾಲಿ ಚೀಲ ಬಂದವು. ಕ್ಯಾಮೆರಾದ ಕೆಂಪು ದೀಪದ ಮೇಲೆ ಬಿಂದಿ ಇನ್ನೂ ಇತ್ತು.

ಅಪ್ಪ ತಮ್ಮ ಕೈಚೀಲದಿಂದ ಫ್ಲಾಸ್ಕು ತೆಗೆದರು. ಟ್ಯಾಂಕಿನ ಪಕ್ಕದ ಗಿಡಗಳು ಹೋದ ಸುಗ್ಗಿಗೆ ಮೊದಲ ಫಸಲು ಕೊಟ್ಟಿದ್ದವು. ಅಮ್ಮ ಅದನ್ನು ತಾನೇ ಹುರಿದು, ಬೀಸಿ, ಡಿಕಾಕ್ಷನ್ ಇಳಿಸಿ ತಂದಿದ್ದಳು.

"ಇದನ್ನ ಚೀಲಕ್ಕೆ ತುಂಬಬೇಡಿ ಮಾರಾಯ್ರೆ" ಎಂದು ಅಪ್ಪ ಲೋಟ ಮುಂದೆ ಹಿಡಿದರು. "ಕುಡೀರಿ."

ಮಹಡಿಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಸಾಮಾನು ಕೆಳಗಿಟ್ಟರು. ಹುಟ್ಟಿದಾರಭ್ಯ ಕಾಫಿ ಕುಡಿಯದ ಬಾಯಿ ಅದು. ಅಕ್ಕ ಲೋಟದೊಳಗೆ ಇಣುಕಿದರು, ಅಪ್ಪನನ್ನು ನೋಡಿದರು, ಅಮ್ಮನನ್ನು ನೋಡಿದರು. ಮೂಗು ಹಿಡಿದುಕೊಳ್ಳುತ್ತಾರೇನೋ ಅಂದುಕೊಂಡೆ. ಇಲ್ಲ, ಒಂದು ಗುಟುಕು ಕುಡಿದರು, ಇನ್ನೊಂದು ಗುಟುಕು ಕುಡಿದರು, ತಲೆಯೆತ್ತಿ ತಳದ ಹನಿಯವರೆಗೂ ಕುಡಿದರು. "ಸಾಕು" ಅಂದುಬಿಡುತ್ತಾರೆಂದು ನಾನು ಕಾಯುತ್ತಿದ್ದೆ.

ಅಕ್ಕ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು, ಖಾಲಿ ಲೋಟವನ್ನು ಅಪ್ಪನ ಮುಂದೆ ಚಾಚಿದರು.

"ಇನ್ನೊಂದ್ಸಲ."